ದವಡೆ ಮುರಿದವನು

ಕೋಚ್ ಟ್ರೆಡ್‌ವೇ ಮನೆಗೆ ಬಂದ ದಿನ ಸ್ಕುಬಿಕ್ ಕುಟುಂಬದ ಅಡುಗೆಮನೆಯ ಮೇಜಿಗೆ ಮೂರೇ ಕಾಲುಗಳಿದ್ದವು. ನಾಲ್ಕನೆಯದು ಮುರಿದು ಕಲ್ಲಿದ್ದಲ ಬುಟ್ಟಿಯ ಪಕ್ಕದಲ್ಲಿ ಬಿದ್ದಿತ್ತು. ಹದಿನೇಳರ ಎಮಿಲ್‌ನ ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಅವನ ಅಪ್ಪ ಯೂರಾಯ್ ತುಟಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಕಿಟಕಿಯ ಬಳಿ ಕೂತಿದ್ದ. ಬಟ್ಟೆ ಅರ್ಧ ಕೆಂಪಾಗಿತ್ತು. ತಾಯಿ ಜುಜಾನಾ ಏನೂ ನಡೆದೇ ಇಲ್ಲವೆಂಬಂತೆ ಬಂದವರಿಗೆ ಕಾಫಿ ಬಗ್ಗಿಸಿ ಕೊಟ್ಟು, ಮೇಜು ವಾಲದಂತೆ ಅದರ ಮೂಲೆಗೆ ತನ್ನ ಸೊಂಟವನ್ನೇ ಆನಿಸಿ ನಿಂತಳು.

ಒಂದು ಗಂಟೆಯ ಹಿಂದೆ ಯೂರಾಯ್ ಉಕ್ಕಿನ ಕಾರ್ಖಾನೆಯಿಂದ ಪಾಳಿ ಮುಗಿಸಿ, ದಾರಿಯಲ್ಲಿ ವಲಸಿಗರ ಸ್ಲೊವಾಕ್ ಕ್ಲಬ್ಬಿನಲ್ಲಿ ನಾಲ್ಕು ಗ್ಲಾಸು ಏರಿಸಿ ಬಂದಿದ್ದ. ಸೂಪು ತಣ್ಣಗಾಗಿದೆ ಎಂದು ಹೆಂಡತಿಯ ಮೇಲೆ ಕೈ ಎತ್ತಿದ. ಎತ್ತಿದ ಕೈಯನ್ನು ಎಮಿಲ್ ಮೊದಲ ಸಲ ಗಾಳಿಯಲ್ಲೇ ಹಿಡಿದ. ಮುಂದಿನದಕ್ಕೆ ಮೇಜಿನ ಕಾಲೇ ಸಾಕ್ಷಿ.

ಅದೇ ಕೈ ಎಂಟು ವರ್ಷದ ಹಿಂದೆ ಜುಜಾನಾಳ ಮೇಲಿನ ಸಾಲಿನ ನಾಲ್ಕು ಹಲ್ಲುಗಳನ್ನು ಒಂದೇ ಏಟಿಗೆ ಉದುರಿಸಿತ್ತು. ಆ ಸಾಲಿನಲ್ಲಿ ಉಳಿದವು ಒಂದೊಂದಾಗಿ ಸಡಿಲಗೊಂಡು ಬಿದ್ದುಹೋದವು. ಅಂದಿನಿಂದ ಅವಳು ನಗುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಬರಬರುತ್ತ ನಗುವುದೇ ಕಡಿಮೆಯಾಯಿತು.

ಟ್ರೆಡ್‌ವೇ ಮಾರ್ಬರಿ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟದ, ತರಬೇತುದಾರ. ಮನಾಂಗಹೇಲಾ ನದಿಯ ಕಣಿವೆಯ ಊರುಗಳಿಗೆ ಪ್ರತಿ ವರ್ಷ ಬಂದು ಗಟ್ಟಿ ಹುಡುಗರನ್ನು ಆರಿಸಿಕೊಂಡು ಹೋಗುತ್ತಿದ್ದ. ಅವನು ಅಪ್ಪನ ತುಟಿಯನ್ನೂ ಮಗನ ಕಣ್ಣನ್ನೂ ಒಂದೊಂದು ಸಲ ನೋಡಿದ.

“ನಿಮ್ಮ ತುಟಿಗೆ ಏನಾಯ್ತು, ಮಿಸ್ಟರ್ ಸ್ಕುಬಿಕ್?”

“ಇವನೇ ಮಾಡಿದ್ದು. ನನ್ನ ಮಗ.”

“ನಿಮ್ಮ ತೂಕ ಎಷ್ಟಿರಬಹುದು?”

“ಇನ್ನೂರ ಮೂವತ್ತು ಪೌಂಡು. ಅದೂ ಊಟಕ್ಕೆ ಮುಂಚೆ.”

ಟ್ರೆಡ್‌ವೇ ಕಾಫಿ ಲೋಟವನ್ನು ಕೆಳಗಿಟ್ಟ. “ಹಾಗಾದ್ರೆ ಇವನು ಆಡೋದನ್ನ ನಾನು ನೋಡೋ ಅಗತ್ಯ ಇಲ್ಲ. ಆಗಸ್ಟ್ ಒಂದಕ್ಕೆ ಕಳಿಸಿ.”

ಯೂರಾಯ್ ಬಟ್ಟೆಯನ್ನು ತುಟಿಯಿಂದ ತೆಗೆದು ನಕ್ಕ. ಮಗನ ಬಗ್ಗೆ ಅವನಿಗೆ ಹೆಮ್ಮೆ ಉಕ್ಕಿದ್ದು ಅದೇ ಮೊದಲು.

*

ಮಾರ್ಬರಿಯ ಆಗಸ್ಟ್ ಶಿಬಿರದಲ್ಲಿ ನೀರು ಕೊಡುತ್ತಿರಲಿಲ್ಲ. ನೀರು ಕುಡಿದವನು ಮೆತ್ತಗಾಗುತ್ತಾನೆ ಎಂಬುದು ಟ್ರೆಡ್‌ವೇಯ ನಂಬಿಕೆ. ಬಿಸಿಲಿಗೆ ಹುಡುಗರು ಬೆವರು ಹೀರಿದ ಟವೆಲ್ಲನ್ನೇ ಚೀಪುತ್ತಿದ್ದರು. ಮೈದಾನದ ಒಂದು ಮೂಲೆಯಲ್ಲಿ ಸುಣ್ಣದಿಂದ ಎಳೆದ ವೃತ್ತವೊಂದಿತ್ತು. ಅದನ್ನು ದೊಡ್ಡಿ ಎನ್ನುತ್ತಿದ್ದರು. ಒಬ್ಬ ನಡುವೆ ನಿಲ್ಲಬೇಕು. ಸುತ್ತ ಹನ್ನೆರಡು ಜನ. ಕೋಚ್ ಒಂದು ಸಂಖ್ಯೆ ಕೂಗುತ್ತಾನೆ, ಆ ಸಂಖ್ಯೆಯವನು ಓಡಿಬಂದು ಗುಮ್ಮುತ್ತಾನೆ. ಎದುರಿನಿಂದ ಬರಬಹುದು, ಬೆನ್ನ ಹಿಂದಿನಿಂದಲೂ ಬರಬಹುದು.

ಮೊದಲ ದಿನ ಎಮಿಲ್ ನಡುವೆ ನಿಂತು ಹನ್ನೊಂದು ಜನರನ್ನು ಕೆಡವಿದ. ಏಳನೆಯವನ ಕಾಲರ್ ಎಲುಬು ಮುರಿಯಿತು. ಅವನನ್ನು ಎತ್ತಿಕೊಂಡು ಹೋಗುವಾಗ ಟ್ರೆಡ್‌ವೇ ತಲೆ ತಿರುಗಿಸಿಯೂ ನೋಡದೆ, “ಮುಂದಿನವನು,” ಎಂದ. ಹನ್ನೆರಡನೆಯವನು ಎಮಿಲ್‌ನನ್ನು ಕೆಡವಿದ. ಮೂಗಿನಿಂದ ರಕ್ತ ಬಂತು. ಅವನು ಎದ್ದು ನಿಂತು, “ಇನ್ನೊಂದು ಸುತ್ತು,” ಎಂದ.

ಅವನಿಗೆ ಅದು ಇಷ್ಟವಾಗಿತ್ತು ಎಂಬುದನ್ನು ಮುಚ್ಚಿಡುವಂತಿಲ್ಲ. ಮನೆಯಲ್ಲಿ ಏಟು ಯಾವಾಗ ಬೀಳುತ್ತದೆ, ಯಾಕೆ ಬೀಳುತ್ತದೆ ಎಂದು ತಿಳಿಯುತ್ತಿರಲಿಲ್ಲ. ಇಲ್ಲಿ ಶಿಳ್ಳೆ ಊದಿದ ಮೇಲೆ ಬೀಳುತ್ತಿತ್ತು, ಇನ್ನೊಂದು ಶಿಳ್ಳೆಗೆ ನಿಲ್ಲುತ್ತಿತ್ತು. ಎದುರಾಳಿ ಚೆಂಡು ಹಿಡಿದು ಮುಂದೆ ನುಗ್ಗದಂತೆ ಅವನನ್ನು ನೆಲಕ್ಕೆ ಕೆಡವಬೇಕು, ಅಷ್ಟೇ ಕೆಲಸ. ಎಮಿಲ್ ಬಗ್ಗಿ ನುಗ್ಗುತ್ತಿದ್ದ, ಕೊನೆಯ ಹೆಜ್ಜೆಯಲ್ಲಿ ಮೇಲಕ್ಕೆ ಚಿಮ್ಮುತ್ತಿದ್ದ, ಬಲಗೈಯ ಮುಂಗೈಯನ್ನು ಹಾರೆಯಂತೆ ಅಡ್ಡ ಹಿಡಿಯುತ್ತಿದ್ದ. ಎರಡನೆಯ ವರ್ಷಕ್ಕೆ ಪತ್ರಿಕೆಗಳು ಅವನ ಫೋಟೊ ಹಾಕಿದವು. ಶನಿವಾರ ಮಧ್ಯಾಹ್ನ ನಲವತ್ತು ಸಾವಿರ ಜನ ಅವನ ಹೆಸರು ಕೂಗುತ್ತಿದ್ದರು. ಯೂರಾಯ್ ಕ್ಲಬ್ಬಿನ ಗೋಡೆಗೆ ಆ ಫೋಟೊಗಳನ್ನು ಮೊಳೆ ಹೊಡೆದು ಸಿಕ್ಕಿಸುತ್ತಿದ್ದ.

ಮೂರನೆಯ ವರ್ಷ, ಅಂದರೆ ಅರವತ್ತೊಂದರ ನವೆಂಬರಿನಲ್ಲಿ, ಪಕ್ಕದ ರಾಜ್ಯದ ಕಾಲೇಜಿನ ಜೊತೆ ಆಟವಿತ್ತು. ಅವರ ಚೆಂಡೆಸೆಯುವವನು ಡೇಲ್ ವಿಟ್‌ಕೂಂಬ್. ಉದ್ದನೆಯ ಆಳು, ನಾಲಿಗೆ ಅದಕ್ಕಿಂತ ಉದ್ದ. ಪ್ರತಿ ಸಲ ಗೆರೆಯ ಬಳಿ ನಿಂತಾಗ ಎಮಿಲ್‌ಗೆ ಏನಾದರೂ ಅನ್ನುತ್ತಿದ್ದ.

“ಏನೋ ಇದ್ದಿಲು, ನಿಮ್ಮಪ್ಪ ವಾರಕ್ಕೊಂದ್ಸಲನಾದ್ರೂ ಸ್ನಾನ ಮಾಡ್ತಾನಾ? ಇಲ್ಲಿವರೆಗೂ ವಾಸನೆ ಬರ್ತಿದೆ.”

ಆ ಕಾಲದಲ್ಲಿ ಚೆಂಡೆಸೆಯುವವರ ಹೆಲ್ಮೆಟ್ಟಿಗೆ ಮುಖದ ಮುಂದೆ ಒಂದೇ ಒಂದು ಅಡ್ಡ ಸರಳು ಇರುತ್ತಿತ್ತು. ಮೂರನೆಯ ಅವಧಿಯಲ್ಲಿ ಡೇಲ್ ಚೆಂಡನ್ನು ಹಿಂದಕ್ಕೆ ಎತ್ತಿ ಎಸೆಯಲು ಸಿದ್ಧನಾಗುತ್ತಿದ್ದಾಗ ಅವನ ಎಡಭಾಗ ತೆರೆದುಕೊಂಡಿತು. ಎಮಿಲ್ ಆರು ಹೆಜ್ಜೆ ಓಡಿ ಚಿಮ್ಮಿದ. ಮುಂಗೈ ಆ ಸರಳಿನ ಕೆಳಗೆ ಹೋಗಿ ಕೂತಿತು. ಗೋಣಿಚೀಲದೊಳಗೆ ದಪ್ಪ ಗಾಜಿನ ಬಾಟಲಿ ಒಡೆದಂಥ ಸದ್ದಾಯಿತು. ಡೇಲ್ ಬೀಳುವ ಮೊದಲೇ ಪ್ರಜ್ಞೆ ತಪ್ಪಿದ್ದ. ಅವನ ಬಾಯಿ ಒಂದು ಕಡೆಗೆ ಸರಿದು, ಮುಖ ಬೇರೆ ಯಾರದೋ ಮುಖದಂತೆ ಕಾಣುತ್ತಿತ್ತು. ಹುಲ್ಲಿನ ಮೇಲೆ ಎರಡು ಹಲ್ಲು ಬಿದ್ದಿದ್ದವು.

ಕ್ರೀಡಾಂಗಣ ಎದ್ದು ನಿಂತು ಗರ್ಜಿಸಿತು. ಟ್ರೆಡ್‌ವೇ ಓಡಿಬಂದು ಎಮಿಲ್‌ನ ಹೆಲ್ಮೆಟ್ಟಿಗೆ ಮುತ್ತು ಕೊಟ್ಟ. ಎಮಿಲ್ ಮಾತ್ರ ಹುಲ್ಲಿನ ಮೇಲಿನ ಹಲ್ಲುಗಳನ್ನೇ ನೋಡುತ್ತ ನಿಂತಿದ್ದ. ತಾನು ಒಂಬತ್ತು ವರ್ಷದವನಿದ್ದಾಗ ಅಡುಗೆಮನೆಯ ನೆಲದಿಂದ ಅಂಥವನ್ನೇ ಆರಿಸಿ ಅಮ್ಮನ ಕೈಗೆ ಕೊಟ್ಟಿದ್ದ.

*

ಮರುದಿನ ಚರ್ಚಿಗೆ ಹೋಗುವ ಬದಲು ಅವನು ಆಸ್ಪತ್ರೆಗೆ ಹೋದ. ವಾರ್ಡಿನ ಬಾಗಿಲಲ್ಲಿ ಕುಳ್ಳಗಿನ, ಬಿಳಿ ಮೀಸೆಯ ವೈದ್ಯರೊಬ್ಬರು ಅವನನ್ನು ತಡೆದರು. ಅವರ ಹೆಸರು ಫೈಗ್ಲ್. ವಿಯೆನ್ನಾದಿಂದ ಯುದ್ಧಕ್ಕೆ ಮೊದಲು ಓಡಿಬಂದು ಇಲ್ಲಿ ನೆಲೆಸಿದ ದವಡೆಯ ಶಸ್ತ್ರವೈದ್ಯರು.

“ನೀನೇನಾ ಅದು?”

“ಹೌದು ಸರ್.”

“ನೀನು ಮಾಡಿದ್ದನ್ನ ನೋಡೋಕೆ ಬಂದ್ಯಾ? ಬಾ, ಸರಿಯಾಗಿ ತೋರಿಸ್ತೀನಿ.”

ಎಕ್ಸ್-ರೇ ಹಾಳೆಯನ್ನು ದೀಪದ ಮುಂದೆ ಸಿಕ್ಕಿಸಿ ಅವರು ಪೆನ್ಸಿಲಿನಿಂದ ತೋರಿಸಿದರು. ಎಡಗಡೆ ಕಿವಿಯ ಕೆಳಗೆ ದವಡೆ ತಿರುಗುವ ಮೂಲೆಯಲ್ಲಿ ಒಂದು ಸೀಳು. ಬಲಗಡೆ ಗಲ್ಲದ ಪಕ್ಕ ಇನ್ನೊಂದು.

“ಒಂದು ಕಡೆ ಹೊಡೆದ್ರೆ ಇನ್ನೊಂದು ಕಡೆನೂ ಒಡೆಯುತ್ತೆ. ಬಳೆ ಥರ. ನಿನಗೆ ಇದನ್ನ ಮುರಿಯೋಕೆ ಕಣ್ಣು ಮಿಟುಕಿಸೋಷ್ಟು ಹೊತ್ತು ಸಾಕಾಯ್ತು. ನನಗೆ ಕೂಡಿಸೋಕೆ ನಾಲ್ಕು ಗಂಟೆ ಬೇಕಾಯ್ತು. ಇನ್ನು ಆರು ವಾರ ಆ ಹುಡುಗ ನಳಿಗೇಲಿ ಸೂಪು ಕುಡೀಬೇಕು.”

ಡೇಲ್‌ನ ಮೇಲಿನ ಹಲ್ಲುಗಳನ್ನೂ ಕೆಳಗಿನ ಹಲ್ಲುಗಳನ್ನೂ ತಂತಿಯಿಂದ ಸೇರಿಸಿ ಬಿಗಿದಿದ್ದರು. ಮಂಚದ ತಲೆಗಡೆ ಒಂದು ಇಕ್ಕಳ ತೂಗುತ್ತಿತ್ತು. ಅದು ಯಾಕೆಂದು ಎಮಿಲ್ ಕೇಳಿದ.

“ವಾಂತಿ ಬಂದ್ರೆ ತಕ್ಷಣ ತಂತಿ ಕತ್ತರಿಸ್ಬೇಕು. ಇಲ್ಲಾಂದ್ರೆ ಉಸಿರುಗಟ್ಟಿ ಸಾಯ್ತಾನೆ,” ಎಂದರು ಫೈಗ್ಲ್.

ಎಮಿಲ್ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟ. ಡೇಲ್ ಅವನನ್ನು ಬಹಳ ಹೊತ್ತು ನೋಡಿ, ಎದೆಯ ಮೇಲಿದ್ದ ಕಾಗದದ ಮೇಲೆ ಏನೋ ಗೀಚಿ ತೋರಿಸಿದ: “ಒಪ್ಕೊಂಡೆ. ನಿಮ್ಮಪ್ಪ ದಿನಾ ಸ್ನಾನ ಮಾಡ್ತಾರೆ.”

ಎಮಿಲ್ ನಗಲು ಹೋದ, ಅಳು ಬಂತು. ಡೇಲ್ ಮತ್ತೆ ಗೀಚಿದ: “ನಗಿಸ್ಬೇಡ. ನೋಯುತ್ತೆ.”

ಅಂದು ಫೈಗ್ಲ್ ಅವರ ಕೋಣೆಯಲ್ಲಿ ಎಮಿಲ್ ಅಮ್ಮನ ಹಲ್ಲಿನ ಕಥೆ ಹೇಳಿದ. ಬೇರೆ ಯಾರಿಗೂ ಅವನು ಹೇಳಿರಲಿಲ್ಲ. ಮುದುಕರು ಅವನ ಬಲಗೈಯನ್ನು ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿದರು.

“ಕೈ ಚೆನ್ನಾಗಿದೆ. ಇದನ್ನ ಯಾವುದಕ್ಕೆ ಉಪಯೋಗಿಸ್ತೀಯ ಅನ್ನೋದು ನಿನಗೆ ಬಿಟ್ಟಿದ್ದು.”

ಚಳಿಗಾಲ ಮುಗಿಯುವುದರೊಳಗೆ ಎಮಿಲ್ ವ್ಯಾಯಾಮ ಶಿಕ್ಷಣದ ತರಗತಿ ಬಿಟ್ಟು ಜೀವಶಾಸ್ತ್ರ, ರಸಾಯನಶಾಸ್ತ್ರಕ್ಕೆ ಹೆಸರು ಬರೆಸಿದ. ವಾರಕ್ಕೆರಡು ಮಧ್ಯಾಹ್ನ ಪ್ರಯೋಗಾಲಯವಿತ್ತು. ಆ ಹೊತ್ತಿಗೇ ಅಭ್ಯಾಸವೂ ಇತ್ತು.

“ಹಲ್ಲು ಕೀಳೋನಾಗ್ತೀಯಂತೆ,” ಎಂದ ಟ್ರೆಡ್‌ವೇ. “ಶನಿವಾರ ಶನಿವಾರ ನಾನು ನಿನ್ನ ಕೈಲಿ ಮಾಡಿಸ್ತಿರೋದು ಮತ್ತೇನೋ?”

“ಮತ್ತೆ ಹಾಕೋದನ್ನೂ ಕಲೀಬೇಕು ಅಂತ, ಕೋಚ್.”

ಟ್ರೆಡ್‌ವೇ ಅವನ ಹೆಲ್ಮೆಟ್ಟಿನ ಜಾಲರಿಗೆ ಬೆರಳು ಸಿಕ್ಕಿಸಿ ಮುಖವನ್ನು ಹತ್ತಿರಕ್ಕೆ ಎಳೆದ. “ಅಭ್ಯಾಸ ತಪ್ಪಿಸಿದ ಒಂದೊಂದು ದಿನಕ್ಕೂ ಒಂದೊಂದು ಗಂಟೆ ದೊಡ್ಡಿ. ಒಪ್ಗೆನಾ?”

ಎಮಿಲ್ ಒಪ್ಪಿದ. ಆ ವರ್ಷವೆಲ್ಲ ಬುಧವಾರ, ಶುಕ್ರವಾರ ಅವನು ದೊಡ್ಡಿಯ ನಡುವೆ ನಿಂತು ಗುಮ್ಮಿಸಿಕೊಂಡ. ಪಕ್ಕೆಲುಬು ಎರಡು ಸಲ ಬಿರುಕು ಬಿಟ್ಟಿತು. ಮೂತ್ರದಲ್ಲಿ ರಕ್ತ ಹೋಯಿತು. ಆದರೂ ಕಪ್ಪೆ, ಬೆಕ್ಕುಗಳ ತಲೆಬುರುಡೆಯನ್ನು ಬಿಡಿಸುವ ಮಧ್ಯಾಹ್ನಗಳನ್ನು ತಪ್ಪಿಸಲಿಲ್ಲ. ಮುಂದಿನ ನವೆಂಬರಿನಲ್ಲಿ ಡೇಲ್ ಬಲೆಯಂಥ ಜಾಲರಿ ತೊಟ್ಟು ಮತ್ತೆ ಎದುರಿಗೆ ಬಂದ. ಎಮಿಲ್ ಅವನನ್ನು ನಾಲ್ಕು ಸಲ ಕೆಡವಿದ. ಐದನೆಯ ಸಲ ಡೇಲ್ ತಪ್ಪಿಸಿಕೊಂಡು ಅವನ ತಲೆಯ ಮೇಲಿಂದ ಐವತ್ತು ಗಜ ಚೆಂಡೆಸೆದು ಆಟ ಗೆದ್ದ.

“ತಣ್ಣೀರು ಕುಡಿದ್ರೆ ಇನ್ನೂ ಜುಮ್ ಅನ್ನುತ್ತೆ ಕಣೋ,” ಎಂದು ಹೋಗುವಾಗ ದವಡೆ ಉಜ್ಜಿಕೊಂಡ.

*

ಅರವತ್ತಮೂರರಲ್ಲಿ ಸರೋವರದ ದಡದ ದೊಡ್ಡ ಊರಿನ ವೃತ್ತಿಪರ ತಂಡ ಎಮಿಲ್‌ನನ್ನು ಸೇರಿಸಿಕೊಂಡಿತು. ಎಂಟು ವರ್ಷ ಆಡಿದ. ಜುಲೈಯಿಂದ ಡಿಸೆಂಬರಿನವರೆಗೆ ಆಟ, ಜನವರಿಯಿಂದ ಜೂನಿನವರೆಗೆ ಪಿಟ್ಸ್‌ಬರ್ಗಿನಲ್ಲಿ ದಂತವೈದ್ಯಕೀಯ. ಜೊತೆಯವರು ನಾಲ್ಕು ವರ್ಷದಲ್ಲಿ ಮುಗಿಸುವ ಓದಿಗೆ ಅವನು ಏಳು ವರ್ಷ ತೆಗೆದುಕೊಂಡ. ಮೂರು ಸಲ ದೇಶದ ಅತ್ಯುತ್ತಮ ಆಟಗಾರರ ಪಟ್ಟಿಯಲ್ಲಿ ಅವನ ಹೆಸರು ಬಂತು. ಇಲ್ಲಿ ಹೊಡೆಯುವವರು ಹುಡುಗರಲ್ಲ. ಕುರ್ಚಿಯ ಗಾತ್ರದ ಹೆಗಲಿನ, ಹೆಂಡತಿ ಮಕ್ಕಳಿದ್ದ ಗಂಡಸರು. ಕಣ್ಣಿಗೆ ಬೆರಳು ಹಾಕುತ್ತಿದ್ದರು, ಒಬ್ಬರ ಮೇಲೊಬ್ಬರು ಬಿದ್ದ ರಾಶಿಯ ಕೆಳಗೆ ಸಿಕ್ಕಿದರೆ ಕಚ್ಚುತ್ತಿದ್ದರು. ಗೆರೆಯ ಆಚೆಯಿಂದ ರೇಗಿಸುತ್ತಿದ್ದರು: “ಡಾಕ್ಟ್ರೇ, ಹಿಂದಿನ ದವಡೆ ಹಲ್ಲು ನೋಯ್ತಿದೆ. ಯಾವಾಗ ಬರ್ಲಿ?” ಎಮಿಲ್ ಶಿಳ್ಳೆಗೆ ಕಾಯುತ್ತಿದ್ದ. “ಈಗ್ಲೇ ಬಾ,” ಎನ್ನುತ್ತಿದ್ದ. ಆದರೆ ಡೇಲ್‌ನ ನಂತರ ಯಾರ ಗದ್ದದ ಕೆಳಗೂ ಮುಂಗೈ ಹಾಕಲಿಲ್ಲ. ಎದೆಗೆ ಹೊಡೆಯುತ್ತಿದ್ದ, ಸೊಂಟಕ್ಕೆ ಹೊಡೆಯುತ್ತಿದ್ದ. ಅದರಿಂದ ಮುರಿದ ಪಕ್ಕೆಲುಬುಗಳನ್ನು ಅವನು ಲೆಕ್ಕವಿಟ್ಟವನಲ್ಲ.

ಅರವತ್ತೆಂಟರ ವಸಂತದಲ್ಲಿ, ಕೃತಕ ಹಲ್ಲು ಮಾಡುವ ಪಾಠ ಬಂದಾಗ, ಅವನು ಅಮ್ಮನನ್ನು ಕರೆಸಿಕೊಂಡ. ಜುಜಾನಾ ಚರ್ಚಿನ ಹೊಲಿಗೆ ಸಂಘಕ್ಕೆ ಹೋಗುತ್ತೇನೆ ಎಂದು ಗಂಡನಿಗೆ ಸುಳ್ಳು ಹೇಳಿ ನಾಲ್ಕು ಸಲ ಬಸ್ಸಿನಲ್ಲಿ ಬಂದಳು. ಮೇಣದ ಅಚ್ಚು ತೆಗೆಯುವಾಗ ಮಗ ತನ್ನ ಬಾಯಿಯೊಳಗೆ ನೋಡುವುದು ಅವಳಿಗೆ ನಾಚಿಕೆ.

“ಕಣ್ಣು ಮುಚ್ಕೊಂಡು ಮಾಡೋಕಾಗಲ್ವಾ, ಎಮಿಲ್ಕೊ?”

“ಆಗಲ್ಲ, ಮಾಮೊ. ಅಗಲವಾಗಿ ತೆಗೀರಿ.”

ಹಲ್ಲು ಕೂತ ದಿನ ಕನ್ನಡಿ ಹಿಡಿದಾಗ ಅವಳ ಅಂಗೈ ಅಭ್ಯಾಸಬಲದಿಂದ ಬಾಯಿಗೆ ಹೋಯಿತು. ಆಮೇಲೆ ನಿಧಾನವಾಗಿ ಕೆಳಗಿಳಿಯಿತು. ಪಕ್ಕದ ಕುರ್ಚಿಗಳಲ್ಲಿದ್ದ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು.

ಅಂದು ಸಂಜೆ ಎಮಿಲ್ ಅಮ್ಮನನ್ನು ಕಾರಿನಲ್ಲಿ ಮನೆಗೆ ಬಿಡಲು ಬಂದ. ಎಲೆಕೋಸಿನಲ್ಲಿ ಮಾಂಸ ಸುತ್ತಿದ ಹೊಲುಪ್ಕಿಯ ಪಾತ್ರೆಯನ್ನು ಜುಜಾನಾ ಮೇಜಿನ ಮೇಲಿಟ್ಟು, ಗಂಡನ ಕಡೆ ನೋಡಿ ನಕ್ಕಳು. ಯೂರಾಯ್ ಮುಳ್ಳುಚಮಚ ಕೆಳಗಿಟ್ಟ.

“ಇದೇನಿದು?”

“ಎಮಿಲ್ಕೊ ಮಾಡಿಕೊಟ್ಟ.”

“ನಾನು ಹೊಡೆದು ಉದುರಿಸಿದ್ದನ್ನ ಇವನು ಮಾಡಿಕೊಟ್ಟ ಅಂತ ಊರಿಗೆಲ್ಲಾ ತೋರಿಸ್ಕೊಂಡು ಬಂದ್ಯಾ?”

ಯಾರೂ ಅಲುಗಾಡುವ ಮುಂಚೆ ಅವನು ಎದ್ದು, ಒಂದು ಕೈಯಿಂದ ಅವಳ ಕತ್ತಿನ ಹಿಂಭಾಗ ಹಿಡಿದು, ಇನ್ನೊಂದು ಕೈಯ ಬೆರಳುಗಳನ್ನು ಅವಳ ಬಾಯಿಯೊಳಗೆ ತುರುಕಿ ಹಲ್ಲಿನ ಸಾಲನ್ನು ಕಿತ್ತ. ನೆಲಕ್ಕೆ ಎಸೆದು ಕಾರ್ಖಾನೆಯ ಬೂಟಿನ ಹಿಮ್ಮಡಿಯಿಂದ ಎರಡು ಸಲ ತುಳಿದ.

ಎಮಿಲ್ ಎರಡು ಹೆಜ್ಜೆಯಲ್ಲಿ ಅವನನ್ನು ಗೋಡೆಗೆ ಒತ್ತಿದ. ಯೂರಾಯ್‌ನ ಪಾದಗಳು ನೆಲ ಬಿಟ್ಟವು. ಎಮಿಲ್‌ನ ಮುಂಗೈ ಅಪ್ಪನ ಗದ್ದದ ಕೆಳಗಿತ್ತು. ಎಲ್ಲಿ ಎಷ್ಟು ಒತ್ತಿದರೆ ಯಾವ ಎಲುಬು ಹೋಗುತ್ತದೆ ಎಂದು ಈಗ ಅವನಿಗೆ ಪುಸ್ತಕದಲ್ಲಿನ ಹೆಸರಿನ ಸಮೇತ ಗೊತ್ತಿತ್ತು. ಯೂರಾಯ್‌ನ ಬಾಯಿಂದ ಹಳಸಿದ ಬಿಯರಿನ, ಹುಳುಕು ಹಲ್ಲಿನ ವಾಸನೆ ಬರುತ್ತಿತ್ತು.

“ಹೊಡಿಯೋ,” ಎಂದ ಯೂರಾಯ್ ಉಸಿರು ಎಳೆಯುತ್ತ. “ದೇಶವೆಲ್ಲಾ ನೋಡಿದೆ ನಿನ್ನ ಹೊಡೆತನ. ಯಾರಿಂದ ಕಲ್ತೆ ಅಂದ್ಕೊಂಡಿದ್ದೀಯ?”

“ನಿನ್ನಿಂದಲೇ, ಆಪೊ.”

“ಮತ್ತೆ ಹೊಡಿ.”

ಜುಜಾನಾ ಮೊಣಕಾಲೂರಿ ಚೂರುಗಳನ್ನು ಆರಿಸುತ್ತಿದ್ದಳು. ಅವಳ ತುಟಿಯ ಕೊನೆ ಹರಿದಿತ್ತು. ಕೈಯಲ್ಲಿದ್ದ ಚೂರುಗಳನ್ನು ನೋಡಿ, ಏನೋ ಯೋಚಿಸಿ, ಅವನ್ನು ಕಸದ ಡಬ್ಬಿಗೆ ಸುರಿದಳು.

“ಎಮಿಲ್ಕೊ, ಬಿಡು ಅವನನ್ನ. ನನ್ನ ಕೋಟು ತಗೊಂಬಾ. ಆ ಕಂದು ಬಣ್ಣದ್ದು.”

ಎಮಿಲ್ ಕೈ ಸಡಿಲಿಸಿದ. ಯೂರಾಯ್ ಗೋಡೆಗುಂಟ ಜಾರಿ ನೆಲದ ಮೇಲೆ ಕೂತ. ಮೂವತ್ತೆರಡು ವರ್ಷ ಬಾಳಿದ ಮನೆಯಿಂದ ಜುಜಾನಾ ಕೋಟು ತೊಟ್ಟು, ಕೈಚೀಲ ಹಿಡಿದು ಹೊರಟಳು. ಕಾರು ಸೇತುವೆ ದಾಟಿದ ಮೇಲೆ ಕೇಳಿದಳು:

“ಇನ್ನೊಂದು ಸೆಟ್ ಮಾಡೋಕೆ ಎಷ್ಟು ದಿನ ಬೇಕು?”

“ಮೂರು ವಾರ.”

“ಆಗ್ಲಿ. ಈ ಸಲ ಸ್ವಲ್ಪ ಚಿಕ್ಕದು ಮಾಡು. ಅದು ಕುದುರೆ ಹಲ್ಲಿನ ಹಾಗಿತ್ತು.”

ಅವಳು ಮತ್ತೆ ಆ ಮನೆಗೆ ಹೋಗಿದ್ದು ಮೂರು ವರ್ಷದ ನಂತರ, ಯೂರಾಯ್ ಕಾರ್ಖಾನೆಯಲ್ಲಿ ಎದೆ ಹಿಡಿದುಕೊಂಡು ಬಿದ್ದು ಸತ್ತಾಗ. ಮಣ್ಣು ಮಾಡಿ, ಪಾತ್ರೆಗಳನ್ನು ತೊಳೆದಿಟ್ಟು, ಬೀಗ ಹಾಕಿ ಬಂದಳು. ಕ್ಲಬ್ಬಿನ ಗೋಡೆಯ ಮೇಲೆ ಮಗನ ಫೋಟೊಗಳು ಇನ್ನೂ ಇದ್ದವು ಎಂದು ಬಂದವರು ಹೇಳಿದರು. ಎಮಿಲ್ ಹೋಗಿ ನೋಡಲಿಲ್ಲ.

*

ಎಪ್ಪತ್ತರ ಡಿಸೆಂಬರಿನಲ್ಲಿ ಅವನ ಆಟ ಮುಗಿಯಿತು. ಗೆದ್ದರೆ ಮುಂದಿನ ಸುತ್ತು, ಸೋತರೆ ಮನೆ. ಅಂಥ ಪಂದ್ಯ. ನೆಲ ಹೆಪ್ಪುಗಟ್ಟಿ ಸಿಮೆಂಟಿನಂತಾಗಿತ್ತು. ಎರಡನೆಯ ಅವಧಿಯಲ್ಲಿ ಎದುರಾಳಿಯ ಅಂಗಿಗೆ ಸಿಕ್ಕಿ ಎಮಿಲ್‌ನ ಬಲಗೈಯ ಎರಡು ಬೆರಳು ಕೀಲು ತಪ್ಪಿದವು. ಸಹಾಯಕ ಅವನ್ನು ಎಳೆದು ಕೂರಿಸಿ ಪಟ್ಟಿ ಸುತ್ತಿದ. ಎಮಿಲ್ ವಾಪಸು ಹೋಗಿ ಆಡಿದ. ನಾಲ್ಕನೆಯ ಅವಧಿಯಲ್ಲಿ ರಾಶಿಯ ಕೆಳಗೆ ಅಂಗೈ ಮೇಲಾಗಿ ಚಾಚಿಕೊಂಡಿದ್ದ ಅದೇ ಕೈಯನ್ನು ಯಾರದೋ ಮೊಳೆಬೂಟು ತುಳಿದು ತಿರುಗಿತು. ಪಟ್ಟಿ ಬಿಚ್ಚಿದಾಗ ಉಂಗುರದ ಬೆರಳಿನ ಬುಡದಲ್ಲಿ ಬಿಳಿಯ ಎಲುಬು ಕಾಣುತ್ತಿತ್ತು.

ತಂಡದ ಕೋಚ್ ರಸ್ಕ್ ಬಗ್ಗಿ ನೋಡಿದ. “ಮರಗಟ್ಟಿಸೋ ಸೂಜಿ ಚುಚ್ತಾರೆ. ಇನ್ನು ಆರು ನಿಮಿಷ ಅಷ್ಟೆ, ಸ್ಕುಬಿಕ್.”

“ಆಗಲ್ಲ, ಕೋಚ್.”

“ಒಂದು ಬೆರಳಿಲ್ದೆ ಎಷ್ಟೋ ಜನ ಬದುಕ್ತಾರೆ.”

“ಅವ್ರು ಬೇರೆ ಕೆಲಸ ಮಾಡ್ತಾರೆ.”

“ನಿನ್ನ ಕೆಲಸ ಇದು.”

ಎಮಿಲ್ ಮೈದಾನದ ಕಡೆ ನೋಡಿದ. ಅಲ್ಲಿಗೆ ಹೋಗಬೇಕೆಂದು ಅವನ ಮೈಯ ಒಂದೊಂದು ನರವೂ ಎಳೆಯುತ್ತಿತ್ತು. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. ಎಡಗೈಯಿಂದ ಹೆಲ್ಮೆಟ್ ತೆಗೆದು ಬೆಂಚಿನ ಮೇಲಿಟ್ಟು, ಆಟಗಾರರ ಕೋಣೆಗೆ ಹೋಗುವ ಸುರಂಗದ ಬಾಗಿಲಿನ ಕಡೆ ನಡೆದ. ಮೊದಲು ಜನಕ್ಕೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೂಗು ಶುರುವಾಯಿತು. ಎಂಟು ವರ್ಷ ಅವನ ಹೆಸರು ಕೂಗಿದವರೇ ಹೇಡಿ ಎಂದು ಕೂಗಿದರು. ತುಂಬಿದ ಬಿಯರಿನ ಡಬ್ಬವೊಂದು ಹಾರಿಬಂದು ಹುಬ್ಬಿಗೆ ಬಡಿಯಿತು. ರಕ್ತ ಕಣ್ಣಿಗಿಳಿಯಿತು. ಅವನು ಒರೆಸಿಕೊಳ್ಳಲಿಲ್ಲ, ಬಲಗೈಯನ್ನು ಎಡಗೈಯಿಂದ ಎದೆಗೆ ಅವಚಿಕೊಂಡೇ ಒಳಗೆ ಹೋದ. ತಂಡ ಮೂರು ಅಂಕದಿಂದ ಸೋತಿತು.

ಬೆರಳು ಉಳಿಯಿತು, ಪೂರ್ತಿ ಮಡಿಸಲು ಮಾತ್ರ ಬರುತ್ತಿರಲಿಲ್ಲ. ಮುದುಕರಾಗಿದ್ದ ಫೈಗ್ಲ್ ತಮ್ಮ ಬಳಿ ಅವನನ್ನು ಮೂರು ವರ್ಷ ಇಟ್ಟುಕೊಂಡು ದವಡೆಯ ಶಸ್ತ್ರಚಿಕಿತ್ಸೆ ಕಲಿಸಿದರು. ಆ ಬೆರಳನ್ನು ಬಿಟ್ಟು ಉಪಕರಣ ಹಿಡಿಯುವ ರೀತಿಯನ್ನು ಅವರೇ ಕಂಡುಹಿಡಿದುಕೊಟ್ಟರು. ತಪ್ಪು ಮಾಡಿದರೆ ಇಕ್ಕಳದಿಂದ ಗೆಣ್ಣಿಗೆ ಬಾರಿಸುತ್ತಿದ್ದರು. ಎಪ್ಪತ್ತನಾಲ್ಕರಲ್ಲಿ ಎಮಿಲ್ ತನ್ನ ಕಣಿವೆಗೇ ಮರಳಿ ಆಸ್ಪತ್ರೆ ಸೇರಿದ. ಕಾರ್ಖಾನೆಯ ಸರಪಳಿ ಬಡಿದವರು, ಕಾರು ಗುದ್ದಿದವರು, ಬಾರಿನಲ್ಲಿ ಹೊಡೆದಾಡಿದವರು, ಎಲ್ಲರ ದವಡೆಗಳೂ ಅವನ ಬಳಿಗೇ ಬರತೊಡಗಿದವು. ನೂರು ಮೈಲಿ ಸುತ್ತ ಅವನಷ್ಟು ಚೆನ್ನಾಗಿ ಕೂಡಿಸುವವರು ಇಲ್ಲ ಎಂದು ಹೆಸರಾಯಿತು.

*

ಆ ಅಕ್ಟೋಬರಿನಲ್ಲಿ ನಾರ್ಮಾ ಲಿಚ್ ಎಂಬ ಹೆಂಗಸನ್ನು ಕರೆತಂದರು. ಇಪ್ಪತ್ತಾರು ವರ್ಷ. ಮೆಟ್ಟಿಲಿಂದ ಬಿದ್ದಳು ಎಂದು ಗಂಡ ಬರೆಸಿದ್ದ. ಎಮಿಲ್ ಎಕ್ಸ್-ರೇ ಹಾಳೆಯನ್ನು ದೀಪಕ್ಕೆ ಹಿಡಿದ. ಎಡಗಡೆ ಕಿವಿಯ ಕೆಳಗಿನ ಮೂಲೆ, ಬಲಗಡೆ ಗಲ್ಲದ ಪಕ್ಕ. ದವಡೆ ಸಾಮಾನ್ಯವಾಗಿ ಮುರಿಯುವುದು ಅದೇ ಎರಡು ಕಡೆ ಎಂದು ಅವನಿಗೆ ಗೊತ್ತಿತ್ತು. ಆದರೂ ಹಾಳೆಯನ್ನು ಕೆಳಗಿಡಲು ತುಸು ಹೊತ್ತು ಹಿಡಿಯಿತು.

ಮೂರೂವರೆ ಗಂಟೆಯ ಶಸ್ತ್ರಚಿಕಿತ್ಸೆ ಮುಗಿಸಿ ಹೊರಗೆ ಬಂದಾಗ ಗಂಡ ರೇ ಲಿಚ್ ಎದ್ದು ನಿಂತ. ಲಾರಿ ಡ್ರೈವರ್. ಎಮಿಲ್ ಆಡುತ್ತಿದ್ದ ತಂಡದ ಜಾಕೆಟ್ ತೊಟ್ಟಿದ್ದ. ಮುಖ ಅರಳಿತ್ತು.

“ನೀವು ಸ್ಕುಬಿಕ್ ಅಲ್ವಾ? ಅರವತ್ತೊಂದರಲ್ಲಿ ಆ ವಿಟ್‌ಕೂಂಬ್‌ಗೆ ಕೊಟ್ರಲ್ಲಾ, ನಾನು ಅಲ್ಲೇ ಇದ್ದೆ, ಡಾಕ್ಟ್ರೇ. ಹದಿನಾರು ವರ್ಷ ನನಗೆ. ಆಮೇಲೆ ವಾರವೆಲ್ಲಾ ಹಿತ್ತಿಲಲ್ಲಿ ಅದನ್ನೇ ಮಾಡ್ತಿದ್ವಿ. ಹೀಗೆ.” ಅವನು ಬಗ್ಗಿ, ಒಂದು ಹೆಜ್ಜೆ ಚಿಮ್ಮಿ, ಬಲಮುಂಗೈಯನ್ನು ಗಾಳಿಯಲ್ಲಿ ಅಡ್ಡ ಎತ್ತಿದ. ಕೋನ ಒಂದಿಷ್ಟೂ ತಪ್ಪಿರಲಿಲ್ಲ. ಆಮೇಲೆ ಜಾಕೆಟ್ಟನ್ನೂ ಪೆನ್ನನ್ನೂ ಮುಂದೆ ಹಿಡಿದ. “ಇದರ ಮೇಲೆ ಒಂದು ಸಹಿ ಹಾಕಿ.”

ಎಮಿಲ್ ಪೆನ್ನು ತೆಗೆದುಕೊಳ್ಳಲಿಲ್ಲ. ಒಳಗೆ ಹೋಗಿ ಪೊಲೀಸ್ ಠಾಣೆಗೆ ಫೋನ್ ಮಾಡಿದ. ಸಾರ್ಜೆಂಟ್ ಬೇಸರದಿಂದ ಕೇಳಿಸಿಕೊಂಡ.

“ಹೆಂಡ್ತಿ ದೂರು ಕೊಟ್ಟಿದ್ದಾಳಾ?”

“ಬಾಯಿಗೆ ತಂತಿ ಹಾಕಿದ್ದೀನಿ. ಮೆಟ್ಟಿಲು ಅಂತಲೇ ಬರೀತಾಳೆ. ಅವನು ಪಕ್ಕದಲ್ಲೇ ಕೂತಿರ್ತಾನೆ.”

“ಗಂಡಹೆಂಡ್ತಿ ವಿಷಯ, ಡಾಕ್ಟ್ರೇ. ನಾವೇನು ಮಾಡೋಕಾಗುತ್ತೆ? ಬೇರೆ ಯಾರಿಗಾದ್ರೂ ಹೊಡೆದಿದ್ರೆ ಎಳ್ಕೊಂಡು ಬರ್ತಿದ್ವಿ.”

ಐದನೆಯ ದಿನ ಮಧ್ಯಾಹ್ನ ರೇ ಹೆಂಡತಿಯನ್ನು ಕರೆದೊಯ್ಯಲು ಬಂದ. ಕುಡಿದಿದ್ದ. ನಾರ್ಮಾ ಮಂಚದ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಬಾಯಿ ತೆರೆಯಲಾಗದೆ ಮೂಗಿನಲ್ಲೇ ಒಂದು ಸದ್ದು ಮಾಡುತ್ತಿದ್ದಳು. ಎಮಿಲ್ ಬಾಗಿಲಿಗೆ ಅಡ್ಡ ನಿಂತ. ಪಡಸಾಲೆಯಲ್ಲಿ ಇಬ್ಬರು ನರ್ಸುಗಳೂ ಒಬ್ಬ ಪಾದ್ರಿಯೂ ಇದ್ದರು. ಅವರಿಗೆ ಕಾಣುವ ಹಾಗೆ ಒಂದು ಹೆಜ್ಜೆ ಹೊರಗೆ ಬಂದ.

“ಇವತ್ತು ಕಳಿಸಲ್ಲ, ಮಿಸ್ಟರ್ ಲಿಚ್.”

“ನನ್ನ ಹೆಂಡ್ತಿ ಅವಳು. ಪಕ್ಕಕ್ಕೆ ಹೋಗಿ.”

“ಹೋಗಲ್ಲ. ನಿನಗೆ ಎದುರಿಗೆ ನಿಂತೋರ್ಗೆ ಹೊಡೆಯೋಕೆ ಬರಲ್ಲ ಅಂತ ಕಾಣುತ್ತೆ. ತೊಂಬತ್ತು ಪೌಂಡಿನ ಹುಡುಗೀರಿಗೆ ಮಾತ್ರನಾ?”

ರೇ ಗುದ್ದಿದ. ಎಮಿಲ್ ಅದು ಬರುವುದನ್ನು ಹೆಗಲು ಅಲುಗಿದಾಗಲೇ ಕಂಡಿದ್ದ. ತಪ್ಪಿಸಿಕೊಳ್ಳಲು ಬೇಕಾದಷ್ಟು ಸಮಯವಿತ್ತು. ಬಲಗೈಯನ್ನು ಬೆನ್ನ ಹಿಂದಕ್ಕೆ ಇಟ್ಟುಕೊಂಡು, ಏಟನ್ನು ಕೆನ್ನೆಗೆ ತೆಗೆದುಕೊಂಡ. ಎರಡನೆಯದನ್ನೂ ತೆಗೆದುಕೊಂಡ. ಹುಬ್ಬಿನ ಹಳೆಯ ಗಾಯ ಬಿಚ್ಚಿ ಬಿಳಿ ಕೋಟಿನ ಮೇಲೆ ರಕ್ತ ಸುರಿಯಿತು. ನರ್ಸೊಬ್ಬಳು ಕಿರುಚಿದಳು. ಮೂರನೆಯ ಸಲ ರೇ ಕೈ ಎತ್ತಿದಾಗ ಎಮಿಲ್ ಬಗ್ಗಿ ಅವನ ಸೊಂಟಕ್ಕೆ ಹೆಗಲು ಕೊಟ್ಟು ಎತ್ತಿ ನೆಲಕ್ಕೆ ಬಡಿದ. ಹೊಡೆಯಲಿಲ್ಲ. ಮೇಲೆ ಮಲಗಿಕೊಂಡ, ಅಷ್ಟೇ. ಇನ್ನೂರೈವತ್ತು ಪೌಂಡಿನ ಮೈಭಾರವನ್ನೆಲ್ಲ ಬಿಟ್ಟು, ಪೊಲೀಸರು ಬರುವವರೆಗೆ ಹಾಗೇ ಇದ್ದ. ರೇ ಮೊದಲು ಬಾಯಿಗೆ ಬಂದಂತೆ ಬೈದ, ಆಮೇಲೆ ಉಸಿರಿಗಾಗಿ ಒದ್ದಾಡಿದ, ಕೊನೆಗೆ ಅಳತೊಡಗಿದ. ಹೆಗಲ ಕೆಳಗೆ ಆ ಅಳು ಅದುರುವುದು ಎಮಿಲ್‌ಗೆ ತಿಳಿಯುತ್ತಿತ್ತು. ಇನ್ನೂ ಸ್ವಲ್ಪ ಒತ್ತಬೇಕು ಎನಿಸಿತು. ಒತ್ತಲಿಲ್ಲ.

ಸಾರ್ಜೆಂಟ್ ಬಂದು ಎಮಿಲ್‌ನ ಮುಖ, ರಕ್ತದ ಕೋಟು, ಸಾಕ್ಷಿ ಹೇಳಲು ಸಿದ್ಧನಾಗಿ ನಿಂತಿದ್ದ ಪಾದ್ರಿ, ಎಲ್ಲವನ್ನೂ ನೋಡಿದ.

“ಆಸ್ಪತ್ರೇಲಿ ಡಾಕ್ಟರ್ ಮೇಲೆ ಕೈ ಮಾಡಿದ್ದಾನೆ,” ಎಂದ. “ಇದಕ್ಕೆ ಜೈಲಿದೆ.”

“ಎಷ್ಟು ದಿನ?”

“ತೊಂಬತ್ತು.”

“ಸಾಕು,” ಎಂದ ಎಮಿಲ್.

ಆಸ್ಪತ್ರೆಯ ಆಡಳಿತ ಮಂಡಳಿ ಅವನನ್ನು ಕರೆಸಿ, ರೋಗಿಯ ಗಂಡನನ್ನು ಕೆಣಕಿದ್ದಕ್ಕಾಗಿ ಎರಡು ವಾರ ಕೆಲಸದಿಂದ ದೂರ ಇಟ್ಟಿತು. ಅವನು ಹುಬ್ಬಿಗೆ ಒಂಬತ್ತು ಹೊಲಿಗೆ ಹಾಕಿಸಿಕೊಂಡು ಮನೆಯಲ್ಲಿ ಕೂತ. ಜುಜಾನಾ ಅವನಿಗೆ ದಿನಾ ಸೂಪು ಮಾಡಿ ಕೊಟ್ಟಳು.

ಆರು ವಾರ ತುಂಬಿದ ದಿನ ಎಮಿಲ್ ನಾರ್ಮಾಳ ತಂತಿಗಳನ್ನು ಕತ್ತರಿಸಿ ಒಂದೊಂದಾಗಿ ತೆಗೆದ. ಅವಳನ್ನು ಕರೆದೊಯ್ಯಲು ಇಂಡಿಯಾನಾದಿಂದ ಬಂದಿದ್ದ ಅಕ್ಕ ಹೊರಗೆ ಸೂಟ್‌ಕೇಸು ಹಿಡಿದು ಕಾಯುತ್ತಿದ್ದಳು. ನಾರ್ಮಾ ಬಾಯಿಯನ್ನು ಒಂದು ಬೆರಳಿನಷ್ಟು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಅವಳ ದನಿ ಎಮಿಲ್ ಕೇಳಿದ್ದು ಅದೇ ಮೊದಲು. ಒಣಗಿದ, ಸಣ್ಣ ದನಿ.

“ಅವನು ಹೊಡೆದಾಗ ನಿಮಗೆ ನೋವಾಯ್ತಾ?”

ಎಮಿಲ್ ಇಕ್ಕಳವನ್ನು ತಟ್ಟೆಯಲ್ಲಿಟ್ಟ.

“ಆಯ್ತು,” ಎಂದ. “ತುಂಬಾ ನೋವಾಯ್ತು.”

ಅವಳು ತಲೆಯಾಡಿಸಿ ಕುರ್ಚಿಯಿಂದ ಇಳಿದು, ಹೊರಗೆ ಹೋಗಿ ಅಕ್ಕನ ಕೈಯಿಂದ ಸೂಟ್‌ಕೇಸನ್ನು ತಾನೇ ತೆಗೆದುಕೊಂಡಳು.